ಪಶುಗಳ ಕ್ರಿಮಿರೋಗವೂ ಕಾರವಾರ ಅಂಕೋಲೆಗಳ ನೆಲವೂ

ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಕ್ರಿಮಿರೋಗದ ಚಿಕಿತ್ಸೆಯು ಮೂರು ಅಂಗಗಳಾಗಿ ವಿಭಾಗಿಸಲ್ಪಟ್ಟಿದೆ. ಅಪಕರ್ಷಣವೆಂಬುದು ಮೊದಲನೆಯದು, ಕೈಯಿಂದಲೋ ಉಪಕರಣದಿಂದಲೋ, ಕ್ರಿಮಿಗಳು ಒಳಗೆ ಅಡಗಿದ್ದರೆ ವಮನ ವಿರೇಚನಾದಿಗಳಿಂದಲೋ ಅವನ್ನು ಹೊರಕ್ಕೆ ತೆಗೆಯುವುದು. ಪ್ರಕೃತಿವಿಘಾತವೆಂಬುದು ಎರಡನೆಯದು; ಕಟು ತಿಕ್ತ ಕಷಾಯ ರಸಗಳುಳ್ಳವೂ ಕ್ಷಾರೋಷ್ಣಗಳೂ ಆದ ದ್ರವ್ಯಗಳಿಂದ, ಕ್ರಿಮಿಗಳು ಹುಟ್ಟಿ ಬೆಳೆಯುವುದಕ್ಕೆ ಅನುಕೂಲವಾದ ಶರೀರಸ್ಥಿತಿಯನ್ನೇ ಕೆಡಿಸುವುದು. ಮೂರನೆಯದು ನಿದಾನವರ್ಜನ, ಯಾವ ಆಹಾರವಿಹಾರಗಳಿಂದ ಕ್ರಿಮಿಗಳುಂಟಾಗುವುವೆಂದು ನಿದಾನದಲ್ಲಿ ಹೇಳಿದೆಯೋ ಅವನ್ನು ಸೇವಿಸದಿರುವುದು. ಈ ಮೂರರಲ್ಲಿ ಮೊದಲೆರಡು ವೈದ್ಯನ ಕೈಯೊಳಗಿನವು. ಮೂರನೆಯದು ರೋಗಿಯ ಕೈಯೊಳಗಿನದು. ಆದರೆ ರೋಗಿಯು ಮಾತಿಲ್ಲದ ಪಶುವಾದಾಗ ಈ ಮೂರನೆಯ ಅಂಗವು ರೋಗಿಯ ವಶದಲ್ಲಿಯೂ ಇರುವುದಿಲ್ಲ, ವೈದ್ಯನ ವಶದಲ್ಲಿಯೂ ಇರುವುದಿಲ್ಲ. ಮೇಯಿಸುವವನ ಮತ್ತು ಮೇಯುವ ನೆಲದ ವಶವಾಗಿಬಿಡುತ್ತದೆ. ಪಶುವೈದ್ಯದ ಗ್ರಂಥಗಳು ನೆಲವನ್ನು ಕುರಿತು ಬರೆದುದು ಕಡಮೆ, ಔಷಧವನ್ನು ಕುರಿತು ಬರೆದುದು ಹೆಚ್ಚು. ಇದರ ಫಲವು ಯಾರ ಮೇಲೆ ಬಿದ್ದಿತೆಂಬುದನ್ನು ಕಾಳಿ ಗಂಗಾವಳಿ ನದಿಗಳ ನಡುವಣ ಕಾರವಾರ ಅಂಕೋಲೆಗಳ ಕರಾವಳಿಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಯುಕ್ತವಾಗಿದೆ.

ಮೊದಲು ಶಬ್ದಗಳ ವಿಷಯ. ಸಂಸ್ಕೃತದ ಕ್ರಿಮಿಶಬ್ದದ ವ್ಯಾಪ್ತಿ ಬಹು ದೊಡ್ಡದು. ಚರಕನು ಎಣಿಸಿರುವ ಇಪ್ಪತ್ತು ಕ್ರಿಮಿಗಳಲ್ಲಿ ಮಲಜಗಳು ಎರಡು, ಶೋಣಿತಜಗಳು ಆರು, ಶ್ಲೇಷ್ಮಜಗಳು ಏಳು, ಪುರೀಷಜಗಳು ಐದು. ತಲೆಯ ಹೇನೂ ಕರುಳಿನ ಹುಳುವೂ ಒಂದೇ ಗಣದಲ್ಲಿ ಸೇರಿವೆ. ಕನ್ನಡದಲ್ಲಿ 'ಪುೞು' ಎಂಬುದು 'ಹುಳು' ಆಯಿತು. ಇದೂ ಅಷ್ಟೇ ವಿಶಾಲವಾದ ಶಬ್ದ. ಹುಟ್ಟಿದ ಪ್ರಾಣಿಯೆಂಬ ಸಾಮಾನ್ಯಾರ್ಥವುಳ್ಳ 'ಜಂತು' ಶಬ್ದವಾದರೋ ಕನ್ನಡಕ್ಕೆ ಬಂದಮೇಲೆ ಸಂಕುಚಿತವಾಗಿ, ಹೊಟ್ಟೆಯ ಹುಳುವೆಂಬ ಒಂದೇ ಅರ್ಥದಲ್ಲಿ ಮನೆಮನೆಗಳಲ್ಲಿ ನಿಂತಿದೆ. ಕಾರವಾರದ ಕಡೆಯ ಕೊಂಕಣಿಯಲ್ಲಿ ಕೀಟಶಬ್ದದಿಂದ ಬಂದ 'ಕಿಡೊ' ರೂಢಿಯಲ್ಲಿದೆ. ಶಬ್ದಗಳು ಇಷ್ಟು ವಿಶಾಲವಾಗಿರುವುದರಿಂದ ಹಳೆಯ ಗ್ರಂಥಗಳಲ್ಲಿ ಕ್ರಿಮಿಯೆಂಬ ಮಾತು ಬಂದಲ್ಲೆಲ್ಲ ಇಂದಿನ ಪಶುವೈದ್ಯರು ಹೇಳುವ ಹುಳುವನ್ನೇ ಕಾಣಲೆಳಸುವುದು ಸರಿಯಲ್ಲ.

ಹೀಗಿದ್ದರೂ ಪಶುವಿನ ಹೊಟ್ಟೆಯಲ್ಲಿ ಹುಳುವಿರುವುದೆಂಬ ಅರಿವು ಅತಿ ಪ್ರಾಚೀನವಾದುದೆಂಬುದರಲ್ಲಿ ಸಂಶಯವಿಲ್ಲ. ಅಥರ್ವವೇದದ ಎರಡನೆಯ ಕಾಂಡದ ೩೧, ೩೨ನೆಯ ಸೂಕ್ತಗಳೂ ಐದನೆಯ ಕಾಂಡದ ೨೩ನೆಯ ಸೂಕ್ತವೂ ಕ್ರಿಮಿನಾಶನಪರವಾದವು. ಇವುಗಳಲ್ಲಿ ೩೨ನೆಯ ಸೂಕ್ತವು ಗೋವಿನೊಳಗಣ ಕ್ರಿಮಿಗಳನ್ನು ಸ್ಪಷ್ಟವಾಗಿ ಹೆಸರಿಸಿ, ಉದಯಾಸ್ತಗಳ ಸೂರ್ಯನು ತನ್ನ ಕಿರಣಗಳಿಂದ ಅವನ್ನು ಕೊಲ್ಲಲೆಂದು ಪ್ರಾರ್ಥಿಸುತ್ತದೆ. ಬಿಸಿಲಿಗೂ ಕ್ರಿಮಿಗೂ ಇರುವ ವೈರವನ್ನು ಸೂಕ್ತಕಾರನು ಕಂಡಿದ್ದನೆಂದು ಮಾತ್ರ ಇಲ್ಲಿ ಹೇಳಬಹುದು. ಇಂದಿನ ಸೂಕ್ಷ್ಮದರ್ಶಕದ ಜ್ಞಾನವೆಲ್ಲವೂ ಅಲ್ಲಿಯೇ ಅಡಗಿದೆಯೆಂದು ಸಾಧಿಸಹೊರಡುವವರು ವೇದಕ್ಕೂ ವಿಜ್ಞಾನಕ್ಕೂ ಉಪಕಾರ ಮಾಡಿದಂತಾಗುವುದಿಲ್ಲ.

ಚರಕನು ಹೇಳುವ ಚಿಕಿತ್ಸಾಕ್ರಮದಲ್ಲಿ ಗಮನಿಸತಕ್ಕ ಒಂದು ಯುಕ್ತಿಯಿದೆ. ವಿರೇಚನ ಕೊಡುವ ಹಿಂದಿನ ದಿನ ರೋಗಿಗೆ ಹಾಲು, ಬೆಲ್ಲ, ಮೊಸರು, ಎಳ್ಳು, ಮೀನು, ಪರಮಾನ್ನ ಮುಂತಾದುವನ್ನು ಉಣಿಸಬೇಕು. ಇವೆಲ್ಲವೂ ಕ್ರಿಮಿಗಳಿಗೆ ಪ್ರಿಯವಾದ ಪದಾರ್ಥಗಳು; ಅವುಗಳ ಆಸೆಯಿಂದ ಕ್ರಿಮಿಗಳು ತಮ್ಮ ನೆಲೆಗಳನ್ನು ಬಿಟ್ಟು ಕೋಷ್ಠಕ್ಕೆ ಬಂದು ಸೇರುವುವು; ಮರುದಿನ ಔಷಧವು ಅವನ್ನು ಒಟ್ಟಿಗೆ ಹೊರಡಿಸುವುದು. ಬೇಟೆಗಾರನು ಎರೆಯಿಟ್ಟು ಮೃಗವನ್ನು ಹೊರತರುವಂತೆ ಈ ಕ್ರಮ. ಔಷಧಗಳಲ್ಲಿ ಮುಖ್ಯವಾದುದು ವಿಡಂಗ, ಕನ್ನಡಿಗರ ವಾಯುವಿಳಂಗ. ಇದು ಸಹ್ಯಾದ್ರಿಯ ಕಾಡುಗಳಲ್ಲಿ ಸಹಜವಾಗಿ ಬೆಳೆಯುವ ಬಳ್ಳಿಯ ಕಾಯಿ. ಮುತ್ತುಗದ ಬೀಜ, ಕಂಪಿಲ್ಲಕ, ಬೇವು ಇವು ಇದರ ಸಂಗಾತಿಗಳು. ಇವುಗಳಲ್ಲಿ ಬಹುಭಾಗವು ಮನುಷ್ಯನಿಗೆ ಹೇಳಿದುದನ್ನೇ ಮಾತ್ರೆ ಹೆಚ್ಚಿಸಿ ಪಶುವಿಗೆ ಕೊಡುವ ಪದ್ಧತಿಯಿಂದ ಪಶುವೈದ್ಯಕ್ಕೆ ಬಂದುವು. ನಿದಾನವರ್ಜನವನ್ನು ಮಾತ್ರ ಹಾಗೆ ಸಾಗಿಸಲಾಗಲಿಲ್ಲ. ಮನುಷ್ಯನಿಗೆ ಬೆಲ್ಲ ತಿನ್ನಬೇಡವೆಂದು ಹೇಳಬಹುದು. ಎತ್ತಿಗೆ ಯಾವ ಹುಲ್ಲು ತಿನ್ನಬೇಡವೆಂದು ಹೇಳಬೇಕೋ ಅದು ಗ್ರಂಥದಲ್ಲಿರಲಿಲ್ಲ.

ಇನ್ನು ಕುದುರೆಯ ಮಾತು. ಪಶುಗಳಲ್ಲಿ ಕುದುರೆಗೆ ದೊರೆತಷ್ಟು ಶಾಸ್ತ್ರವು ಆನೆಯನ್ನುಳಿದು ಇನ್ನಾವುದಕ್ಕೂ ದೊರೆಯಲಿಲ್ಲ. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರಿನ ಪರಂಪರೆ, ನಕುಲನ ಅಶ್ವಚಿಕಿತ್ಸಿತ, ಜಯದತ್ತನ ಅಶ್ವವೈದ್ಯಕಗಳು ಪ್ರಸಿದ್ಧವಾಗಿವೆ. ಕನ್ನಡದಲ್ಲಿ ಅಭಿನವಚಂದ್ರನ ಅಶ್ವವೈದ್ಯವೂ, ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, ೧೬೨೭ರಲ್ಲಿ, ಪದ್ಮಣಪಂಡಿತನು ರಚಿಸಿದ ಹಯಸಾರಸಮುಚ್ಚಯವೂ ಈ ಪರಂಪರೆಯವೇ. ಇದಕ್ಕೆ ಪ್ರತಿಯಾಗಿ ದನಗಳ ಪಾಲಿಗೆ ಬಂದುದು ಬಹು ಸ್ವಲ್ಪ. ಇಮ್ಮಡಿ ಜಯಸಿಂಹನ ಆಶ್ರಯದಲ್ಲಿ ಸುಮಾರು ೧೦೨೫ರಲ್ಲಿ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಬಾವಿ ತೋಡುವುದು, ಗಿಡ ಬೆಳೆಯಿಸುವುದು, ಅಡಿಗೆ ಮಾಡುವುದು ಇವುಗಳ ಜೊತೆಗೆ ಪಶುಚಿಕಿತ್ಸೆಯೂ ಒಂದು ವಿಷಯವಾಗಿ ಬರುತ್ತದೆ. ಗೋವನ್ನೇ ಪ್ರಧಾನವಾಗಿಟ್ಟುಕೊಂಡ ಕನ್ನಡ ಗ್ರಂಥವೆಂದರೆ ಕೀರ್ತಿವರ್ಮನ ಗೋವೈದ್ಯ. ಇವನು ಚಾಲುಕ್ಯ ತ್ರೈಲೋಕ್ಯಮಲ್ಲನ ಮಗನು, ಆರನೆಯ ವಿಕ್ರಮಾದಿತ್ಯನ ತಮ್ಮನು; ಕಾಲವು ಹನ್ನೆರಡನೆಯ ಶತಮಾನದ ಆದಿಭಾಗವೆಂದು ಎಣಿಸಲ್ಪಟ್ಟಿದೆ. ಅರಸುಮಗನೊಬ್ಬನು ಆನೆ ಕುದುರೆಗಳನ್ನು ಬಿಟ್ಟು ಹಸುವಿನ ಹೊಟ್ಟೆನೋವನ್ನು ಕುರಿತು ಬರೆದುದು ಅಪೂರ್ವವಾದ ಸಂಗತಿ. ಅವನ ಗ್ರಂಥದಲ್ಲಿ ಔಷಧದ ಜೊತೆಗೆ ಮಂತ್ರಯಂತ್ರಗಳೂ ಬೆರೆತಿರುವುದರಿಂದ ಪಂಡಿತರು ಅದನ್ನು ಕುತೂಹಲದ ವಸ್ತುವೆಂದಷ್ಟೇ ಎಣಿಸುತ್ತ ಬಂದಿರುವುದು ನ್ಯಾಯವಲ್ಲ. ಅಶ್ವಶಾಸ್ತ್ರಗಳಲ್ಲಿ ಸುಳಿಗಳ ಶುಭಾಶುಭಗಳಿಗೆ ಪುಟಗಟ್ಟಲೆ ಸ್ಥಳವಿದ್ದರೂ ಅವನ್ನು ಯಾರೂ ಹಾಗೆ ತಳ್ಳಿಹಾಕಲಿಲ್ಲವಷ್ಟೆ.

ಕುದುರೆಗೆ ಇಷ್ಟು ಶಾಸ್ತ್ರವೇಕೆಂದರೆ ಅದು ಹಣ ಕೊಟ್ಟು ಹೊರಗಿನಿಂದ ತರಿಸಬೇಕಾದ ವಸ್ತು. ಅರಬಸ್ಥಾನ, ಹೊರ್ಮುಜ್‌ಗಳಿಂದ ಬಂದ ಕುದುರೆಗಳು ಅಂಕೋಲೆಯ ದಕ್ಷಿಣಕ್ಕಿರುವ ಹೊನ್ನಾವರ, ಭಟ್ಕಳಗಳಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದುವು. ಕುದುರೆಯ ವ್ಯಾಪಾರವನ್ನು ಬಲ್ಲ ಫೆರ್ನಾವೋ ನೂನಿಜನು ಬರೆದಿರುವಂತೆ, ವಿಜಯನಗರದ ಅರಸನು ಒಂದು ವರ್ಷಕ್ಕೆ ೧೩,೦೦೦ ಹೊರ್ಮುಜಿನ ಕುದುರೆಗಳನ್ನು ಕೊಳ್ಳುತ್ತಿದ್ದನು. ಸಾಳುವ ನರಸಿಂಹನು ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತುದರ ಬಾಲವನ್ನು ತಂದು ತೋರಿಸಿದರೆ ಸಾಕಾಗುತ್ತಿತ್ತೆಂದೂ ಅವನೇ ಹೇಳುತ್ತಾನೆ. ೧೫೧೦ರಲ್ಲಿ ಗೋವೆಯನ್ನು ಹಿಡಿದಮೇಲೆ ಪೋರ್ತುಗೀಸರು ಈ ವ್ಯಾಪಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ೧೫೪೭ರಲ್ಲಿ ಸದಾಶಿವರಾಯನಿಗೂ ಅವರಿಗೂ ಆದ ಒಪ್ಪಂದದ ಮುಖ್ಯ ವಿಷಯವು ಕುದುರೆಗಳೇ. ಅಂಕೋಲೆ ಹೊನ್ನಾವರಗಳ ಹೆಸರು ಅದರಲ್ಲಿ ವಿಜಯನಗರದ ಸರಕು ಬರಬೇಕಾದ ಬಂದರುಗಳಾಗಿ ಬರುತ್ತದೆ.

ಮಾರ್ಕೋ ಪೋಲೋ ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳುನಾಡಿನ ಮಾಬಾರ್ ಕರೆಯನ್ನು ಕುರಿತು ಬರೆದ ಮಾತೂ ಇಲ್ಲಿ ಸ್ಮರಣಾರ್ಹವಾಗಿದೆ. ಅಲ್ಲಿಯ ಅರಸನು ವರ್ಷಕ್ಕೆ ೨,೦೦೦ಕ್ಕೆ ಮಿಕ್ಕಿ ಕುದುರೆಗಳನ್ನು ಕೊಂಡರೂ ವರ್ಷದ ಕೊನೆಯಲ್ಲಿ ನೂರು ಕೂಡ ಉಳಿಯುತ್ತಿರಲಿಲ್ಲ. ನೋಡಿಕೊಳ್ಳುವ ಕ್ರಮ ಅವರಿಗೆ ಗೊತ್ತಿರಲಿಲ್ಲ. ವ್ಯಾಪಾರ ನಿಲ್ಲಬಾರದೆಂದು ವರ್ತಕರು ಕುದುರೆವೈದ್ಯರನ್ನು ಆ ದೇಶಕ್ಕೆ ಹೋಗಗೊಡುತ್ತಿರಲಿಲ್ಲವಂತೆ. ಸಾವಿಗೆ ಹವೆ, ಬೇಯಿಸಿದ ಅನ್ನ, ರಕ್ತದ ರೋಗಗಳು ಮುಂತಾದ ಕಾರಣಗಳು ಹಲವಿರಬಹುದು. ಎಲ್ಲವನ್ನೂ ಹುಳುವಿನ ಮೇಲೆ ಹೊರಿಸುವುದು ತರವಲ್ಲ. ಆದರೆ ಪಶುವೈದ್ಯಜ್ಞಾನವು ಒಂದು ಕಾಲದಲ್ಲಿ ಬಚ್ಚಿಟ್ಟುಕೊಳ್ಳತಕ್ಕ ಸರಕಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಹುಳುವಿನ ವಿಷಯದಲ್ಲಿ ಅರಮನೆಯ ಲಾಯದ ಕುದುರೆಗೆ ಒಂದು ರಕ್ಷಣೆಯು ತಾನಾಗಿಯೇ ಒದಗಿತ್ತು. ಕುದುರೆಯ ಕರುಳಿನಲ್ಲಿರುವ ದುಂಡು ಹುಳುಗಳ ಮೊಟ್ಟೆಗಳು ಲದ್ದಿಯಲ್ಲಿ ಬೀಳುತ್ತವೆ. ಅವು ಒಡೆದು ಮರಿಗಳು ಹುಲ್ಲಿನ ಎಸಳನ್ನೇರಿ, ಮೇಯುವ ಕುದುರೆಯ ಬಾಯಿಗೆ ಮತ್ತೆ ಸೇರುತ್ತವೆ. ಲದ್ದಿ ಬಿದ್ದ ಸ್ಥಳದಲ್ಲಿ ಕುದುರೆ ಮೇಯದಿದ್ದರೆ ಈ ಚಕ್ರವು ಮುರಿಯುತ್ತದೆ. ಲಾಯದ ಕುದುರೆಗೆ ಕೊಯ್ದು ತಂದ ಹುಲ್ಲು, ಬೇಯಿಸಿದ ಹುರುಳಿ. ಲದ್ದಿಯನ್ನು ಆಳು ದಿನವೂ ಬಳಿದು ಹೊರಗೆ ಹಾಕುವನು. ಹೀಗೆ ಶಾಸ್ತ್ರವು ಬರೆಯದಿದ್ದ ಮೂರನೆಯ ಅಂಗವನ್ನು ಲಾಯದ ಚಾಕರನು ಅರಿಯದೆಯೇ ಆಚರಿಸುತ್ತಿದ್ದನು. ೧೯೮೬ರಲ್ಲಿ ಹರ್ಡ್ ಎಂಬ ಪಂಡಿತನು ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನ ಕುದುರೆಗಳನ್ನು ಪರೀಕ್ಷಿಸಿ, ಹುಲ್ಲುಗಾವಲಿನ ಲದ್ದಿಯನ್ನು ವಾರಕ್ಕೆ ಎರಡು ಸಲ ತೆಗೆಯುವುದು ಹುಳುಗಳ ನಿಯಂತ್ರಣಕ್ಕೆ ಬಹು ಸಮರ್ಥವಾದ ಉಪಾಯವೆಂದು ತೋರಿಸಿದನು. ಅಲ್ಲಿ ಇದು ಹೊಸ ಮಾತಾಗಿ ಕಂಡಿತು.

ಕುದುರೆಯ ಹುಳುರೋಗಗಳ ಹೆಸರುಗಳೂ ಲಾಯದಿಂದಲೇ ಬಂದುವು. ಮಳೆಗಾಲದಲ್ಲಿ ಕುದುರೆಯ ಮೈಮೇಲೆ ಏಳುವ ವಾಸಿಯಾಗದ ಹುಣ್ಣಿಗೆ 'ಬರ್ಸಾತಿ' ಎಂದು ಹಿಂದುಸ್ಥಾನಿಯ ಹೆಸರು. ನೊಣಗಳು ತಂದು ಬಿಡುವ ಹುಳುಮರಿಗಳು ಅದಕ್ಕೆ ಕಾರಣ. ಹಿಂಗಾಲು ಸೋತು ಕುದುರೆಯು ಕುಸಿಯುವ ರೋಗಕ್ಕೆ 'ಕುಮ್ರಿ' ಎಂಬ ಹೆಸರು ಇಂಗ್ಲಿಷ್ ಪಶುವೈದ್ಯಗ್ರಂಥಗಳಿಗೂ ಸೇರಿದೆ. ಉತ್ತರ ಕನ್ನಡದ ವಾಚಕರು ಇದನ್ನು ಕಾಡು ಕಡಿದು ಸುಟ್ಟು ಬಿತ್ತುವ 'ಕುಮರಿ'ಯೊಡನೆ ಬೆರಸಬಾರದು. ಇದು ನಡುವೆಂಬ ಅರ್ಥದ ಪಾರಸಿಯ 'ಕಮರ್' ಶಬ್ದದಿಂದ ಹುಟ್ಟಿದುದು. ಈ ರೋಗದ ಮೂಲವು ವಿಚಿತ್ರವಾದುದು. ದನದ ಹೊಟ್ಟೆಯ ಪೊಳ್ಳಿನಲ್ಲಿ ಅದಕ್ಕೆ ಹೆಚ್ಚು ಹಾನಿ ಮಾಡದೆ ಬಾಳುವ ಒಂದು ದಾರದಂಥ ಹುಳುವಿನ ಮರಿಗಳನ್ನು ಸೊಳ್ಳೆಯು ಕುದುರೆಗೋ ಕುರಿಮೇಕೆಗೋ ಒಯ್ದಾಗ, ಅವು ದಾರಿ ತಪ್ಪಿ ಬೆನ್ನುಹುರಿಯನ್ನು ಹೊಕ್ಕು ಕೆಡಿಸುತ್ತವೆ. ಕೊಟ್ಟಿಗೆಯ ಬಡ ಎತ್ತಿನಿಂದ ಲಾಯದ ಬೆಲೆಬಾಳುವ ಕುದುರೆಗೆ ಹೀಗೊಂದು ಸಂಬಂಧವಿರುವುದೆಂದು ಅಶ್ವಶಾಸ್ತ್ರಕಾರರು ಊಹಿಸಲು ಕಾರಣವಿರಲಿಲ್ಲ.

ಕುದುರೆಯು ಈ ಕರೆಯಲ್ಲಿ ಹಾದುಹೋಯಿತು, ನೆಲೆಸಲಿಲ್ಲ. ನೆಲೆಸಿದುದು ದನ. ಕಾರವಾರ ಅಂಕೋಲೆಗಳ ದನವು ಸಣ್ಣ ಆಳ್ತನದ್ದು. ಮಲೆನಾಡು ಕರಾವಳಿಗಳ ಈ ಜಾತಿಯು 'ಮಲೆನಾಡು ಗಿಡ್ಡ' ಎಂಬ ಹೆಸರಿನಿಂದ ೨೦೧೨ರಲ್ಲಿ ದೇಶದ ಅಂಗೀಕೃತ ತಳಿಗಳ ಪಟ್ಟಿಗೆ ಸೇರಿತು. ಹಾಲಕ್ಕಿ ಒಕ್ಕಲಿಗರು, ಕೋಮಾರಪಂತರು ಮೊದಲಾದ ಬೇಸಾಯಗಾರರ ಗದ್ದೆಯನ್ನು ಉತ್ತುದು ಇದೇ ದನ, ಮತ್ತು ಕೋಣ. ಮಳೆಯು ವರ್ಷಕ್ಕೆ ಸುಮಾರು ೩,೦೦೦ ಮಿಲಿಮೀಟರು. ಅದರ ಬಹುಭಾಗವು ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಗದ್ದೆ, ಕೆರೆ, ಹಳ್ಳಗಳಲ್ಲಿ ನೀರು ನಿಂತಲ್ಲೆಲ್ಲ ಬಸವನಹುಳು. ಈ ಬಸವನಹುಳುವೇ ಇಲ್ಲಿಯ ದನಗಳ ಕ್ರಿಮಿರೋಗದ ಕೀಲು.

ದನದ ಪಿತ್ತನಾಳಗಳಲ್ಲಿ ವಾಸಿಸುವ, ಎಲೆಯಂತೆ ಚಪ್ಪಟೆಯಾದ ಹುಳುವನ್ನು ಪಶುವೈದ್ಯರು ಫ್ಲೂಕ್ ಎನ್ನುತ್ತಾರೆ. ಇದರ ದೊಡ್ಡ ಜಾತಿಯನ್ನು ೧೮೫೫ರಲ್ಲಿ ಕಾಬೋಲ್ಡ್ ಎಂಬ ಆಂಗ್ಲ ಪಂಡಿತನು ಮೊದಲು ವರ್ಣಿಸಿದುದು ಜಿರಾಫೆಯೊಂದರ ಯಕೃತ್ತಿನಿಂದ. ಹಿಂದುಸ್ಥಾನದ ದನ ಎಮ್ಮೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಇದರ ಮೊಟ್ಟೆ ಸಗಣಿಯೊಡನೆ ನೀರಿಗೆ ಬಿದ್ದು ಒಡೆದರೆ, ಮರಿಯು ದನವನ್ನು ಹುಡುಕುವುದಿಲ್ಲ, ಬಸವನಹುಳುವನ್ನು ಹುಡುಕುತ್ತದೆ. ಅದರೊಳಗೆ ಒಂದು ಅನೇಕವಾಗಿ, ಹೊರಬಂದು, ಬಾಲವನ್ನು ಕಳಚಿ, ನೀರಂಚಿನ ಹುಲ್ಲಿಗೂ ನೆಲ್ಲಿನ ಕೂಳೆಗೂ ಸಾಸಿವೆಗಿಂತ ಸಣ್ಣ ಗುಳ್ಳೆಯಾಗಿ ಅಂಟಿಕೊಳ್ಳುತ್ತದೆ. ಆ ಹುಲ್ಲನ್ನು ತಿಂದ ದನಕ್ಕೆ ರೋಗ. ಯುರೋಪಿನ ಸಣ್ಣ ಜಾತಿಯ ಫ್ಲೂಕಿನಲ್ಲಿ ಈ ಚಕ್ರವನ್ನು ೧೮೮೧ರಿಂದ ೧೮೮೩ರೊಳಗೆ ಆಕ್ಸ್‌ಫರ್ಡಿನ ಥಾಮಸನೂ ಜರ್ಮನಿಯ ಲಾಯ್ಕಾರ್ಟನೂ ಪ್ರತ್ಯೇಕವಾಗಿ ಬಿಡಿಸಿದರು. ಶಂಬೂಕವು ಸಂಸ್ಕೃತ ಗ್ರಂಥಕಾರರಿಗೆ ಚೆನ್ನಾಗಿ ಗೊತ್ತಿದ್ದ ಪ್ರಾಣಿ. ಅದು ಗೋವಿನ ಯಕೃತ್ತಿನ ಹುಳುವಿನ ತೊಟ್ಟಿಲೆಂಬುದು ಎಲ್ಲಿಯೂ ಯಾರಿಗೂ ೧೮೮೦ರವರೆಗೆ ನಿಶ್ಚಯವಾಗಿರಲಿಲ್ಲ. ಆದುದರಿಂದ ನಿದಾನವರ್ಜನವನ್ನು ಬರೆಯಲಿಲ್ಲವೆಂದು ಪ್ರಾಚೀನರನ್ನು ದೂರುವಂತಿಲ್ಲ. ನಿದಾನವು ತಿಳಿದಮೇಲೆ ಬಂದವರ ವಿಷಯದಲ್ಲಿಯೇ ಪ್ರಶ್ನೆಯು ಏಳುವುದು.

ಇನ್ನೊಂದು ರೋಗದ ಕಥೆ ಈ ಕರೆಗೆ ಇನ್ನೂ ಹತ್ತಿರವಾದುದು. ದನವು ದೂರದಿಂದಲೇ ಕೇಳುವಂತೆ ಗೊರಗೊರ ಉಸಿರಾಡುತ್ತ, ಮೂಗಿನಲ್ಲಿ ಹೂಕೋಸಿನಂಥ ಗಡ್ಡೆ ಬೆಳೆದು, ಮೇವು ಬಿಟ್ಟು ಸೊರಗುತ್ತದೆ. ಕನ್ನಡದಲ್ಲಿ ಇದಕ್ಕೆ 'ಗೊರಕೆ ರೋಗ'ವೆಂದು ಹೆಸರು. ಮದರಾಸಿನ ಪಶುವೈದ್ಯ ಕಾಲೇಜಿನ ಎಂ. ಅನಂತನಾರಾಯಣರಾಯರು ೧೯೩೨ರಲ್ಲಿ ಅಂಜನದ ಒಂದು ಲವಣವನ್ನು ರಕ್ತನಾಳಕ್ಕೆ ಕೊಟ್ಟರೆ ಈ ರೋಗವು ಗುಣವಾಗುವುದೆಂದು ಪ್ರಕಟಿಸಿದರು. ಮೂಗಿನ ರಕ್ತನಾಳಗಳಲ್ಲಿರುವ ಹುಳುವೇ ಕಾರಣವೆಂದು ಕಂಡು ಅದನ್ನು ವರ್ಣಿಸಿದುದು ಅದರ ಅನಂತರ, ೧೯೩೩ರಲ್ಲಿ. ಔಷಧವು ಮೊದಲು ದೊರೆತು ನಿದಾನವು ಆಮೇಲೆ ದೊರೆತುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಈ ಹುಳುವಿಗೂ ಬಸವನಹುಳುವೇ ಆಶ್ರಯ. ಆದರೆ ಇದು ಹುಲ್ಲಿಗೆ ಅಂಟಿಕೊಂಡು ಕಾಯುವುದಿಲ್ಲ. ನೀರಿಗಿಳಿದ ದನದ ಚರ್ಮವನ್ನು ನೇರವಾಗಿ ಕೊರೆದು ಒಳಹೊಗುತ್ತದೆ. ದನವನ್ನು ಕೆರೆಗೆ ಇಳಿಸಿ ಮೈತೊಳೆಯುವ ಪುಣ್ಯಕಾರ್ಯವೇ ರೋಗಕ್ಕೆ ಬಾಗಿಲಾಗುವುದು ಖೇದಕರವಾದರೂ ಸತ್ಯ.

ಇಲ್ಲಿ ರಾಜ್ಯಚರಿತ್ರೆಯೂ ಅಡ್ಡಬಂದಿತು. ಒಂದೇ ಕನ್ನಡಜಿಲ್ಲೆಯನ್ನು ಇಬ್ಭಾಗಿಸಿ, ಉತ್ತರಭಾಗವನ್ನು ೧೮೬೨ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದರು. ಕಾರವಾರವು ಅದರ ಮುಖ್ಯಸ್ಥಳವಾಯಿತು. ದಕ್ಷಿಣಭಾಗವು ಮದರಾಸಿನಲ್ಲಿಯೇ ಉಳಿಯಿತು. ಮಳೆ ಒಂದೇ, ಗದ್ದೆ ಒಂದೇ, ಬಸವನಹುಳು ಒಂದೇ; ಪಶುವೈದ್ಯ ಇಲಾಖೆಗಳು ಮಾತ್ರ ಎರಡು. ೧೮೮೬ರಲ್ಲಿ ಸ್ಥಾಪಿತವಾದ ಮುಂಬಯಿಯ ಪಶುವೈದ್ಯ ಕಾಲೇಜಿನ ಶಿಕ್ಷಣವು ಸೇನೆಯ ಮತ್ತು ನಗರದ ಕುದುರೆಗಳ ಕಾಲದಲ್ಲಿ ರೂಪುಗೊಂಡಿತು. ೧೮೮೯ರಲ್ಲಿ ಪುಣೆಯಲ್ಲಿ ಹುಟ್ಟಿ ೧೮೯೩ರಲ್ಲಿ ಮುಕ್ತೇಶ್ವರಕ್ಕೆ ಹೋದ ಸರಕಾರದ ಪ್ರಯೋಗಶಾಲೆಯು ದೊಡ್ಡರೋಗ ಮುಂತಾದ ಮಾರಿಗಳ ನಿವಾರಣೆಯಲ್ಲಿ ಮಗ್ನವಾಗಿತ್ತು. ಅಲ್ಲಿಯೇ ಮಾಂಟ್‌ಗೊಮೆರಿಯು ೧೯೦೬ರಲ್ಲಿ ದನಗಳ ರಕ್ತನಾಳದ ಹುಳುಗಳ ಎರಡು ಜಾತಿಗಳನ್ನು ವರ್ಣಿಸಿದನು. ಭಾಲೇರಾಯರು ೧೯೩೫ರಲ್ಲಿ ಹಿಂದುಸ್ಥಾನದ ಸಾಕುಪ್ರಾಣಿಗಳ ಹುಳುಗಳನ್ನೆಲ್ಲ ಒಂದು ಗ್ರಂಥದಲ್ಲಿ ಸಂಗ್ರಹಿಸಿದರು. ಇವೆಲ್ಲವೂ ಉತ್ತಮವಾದ ಕೆಲಸಗಳೇ. ಆದರೆ ಮಾರಿಯು ಒಂದು ವಾರದಲ್ಲಿ ಕೊಟ್ಟಿಗೆಯನ್ನು ಬರಿದುಮಾಡುತ್ತದೆ. ಅದು ವರದಿಗೆ ಬರುತ್ತದೆ. ಹುಳುವು ಮೂರು ವರ್ಷ ಎತ್ತನ್ನು ಬಡವಾಗಿಸುತ್ತದೆ. ಅದು ಸಾಹುಕಾರನ ಲೆಕ್ಕಕ್ಕೆ ಬರುತ್ತದೆಯೇ ಹೊರತು ಸರಕಾರದ ವರದಿಗೆ ಬರುವುದಿಲ್ಲ.

ಇದೇ ಕಾಲದಲ್ಲಿ ಮೇವಿನ ನೆಲವೂ ಕುಗ್ಗಿತು. ೧೮೭೮ರ ಅರಣ್ಯಕಾಯಿದೆಯ ಅನಂತರ ಕಾನಡಾ ಜಿಲ್ಲೆಯ ಕಾಡುಗಳು ಮೀಸಲಾಗುತ್ತ ಬಂದುವು; ಜನರ ಅಸಮಾಧಾನವು ಬೆಳೆಯಿತು. ೧೯೨೦ರ ದಶಕದ ಆರಂಭದಲ್ಲಿ ಕಾಲಿನ್ಸ್ ಎಂಬ ಅಧಿಕಾರಿಯು ಕರಾವಳಿ ಭಾಗದ ಅರಣ್ಯವ್ಯವಸ್ಥೆಯನ್ನು ಪುನಃ ಪರಿಶೀಲಿಸಿ ಜನರ ಮೇವು ಸೌದೆಗಳಿಗಾಗಿ ಕೆಲವು ಮಾರ್ಪಾಟುಗಳನ್ನು ಸೂಚಿಸಿದನು. ಈ ಚರಿತ್ರೆಯನ್ನು ಬರೆದವರು ಸೊಪ್ಪು, ಸೌದೆ, ಮರಮುಟ್ಟುಗಳ ಲೆಕ್ಕವನ್ನು ಚೆನ್ನಾಗಿ ಕೊಟ್ಟಿದ್ದಾರೆ. ಹುಳುವಿನ ಲೆಕ್ಕವನ್ನು ಕೊಟ್ಟಿಲ್ಲ. ಬೆಟ್ಟದ ಇಳಿಜಾರಿನ ಒಣ ನೆಲದಲ್ಲಿ ಹರಡಿ ಮೇಯುವ ದನಕ್ಕೆ ಬಸವನಹುಳುವಿನ ಸಹವಾಸ ಕಡಮೆ. ಅದೇ ದನವನ್ನು ಕೆಳಗಿನ ಗದ್ದೆಯಂಚಿಗೂ ಕೆರೆಯ ದಡಕ್ಕೂ ಒತ್ತರಿಸಿದರೆ ಅದರ ಪ್ರತಿಯೊಂದು ತುತ್ತಿನಲ್ಲಿಯೂ ಅಪಾಯವು ಹೆಚ್ಚುತ್ತದೆ. ಕಾಡು ಮುಚ್ಚಿದುದಕ್ಕೂ ಕೊಟ್ಟಿಗೆಯ ರೋಗಕ್ಕೂ ಸಂಬಂಧವಿತ್ತೆಂದು ಇದರಿಂದ ಊಹಿಸುವುದು ಅಸಂಗತವಲ್ಲ. ೧೯೮೬ರಲ್ಲಿ ಅಡಿಗಲ್ಲಿಟ್ಟು ೨೦೦೫ರಲ್ಲಿ ಕಾರ್ಯಾರಂಭ ಮಾಡಿದ ಕಾರವಾರದ ನೌಕಾನೆಲೆಗಾಗಿ ಈ ಎರಡು ತಾಲ್ಲೂಕುಗಳ ಹಲವು ಗ್ರಾಮಗಳು ತೆರವಾದಾಗ ಮನೆ ಗದ್ದೆಗಳ ಜೊತೆಗೆ ಮೇವಿನ ನೆಲವೂ ಹೋಯಿತು.

ಔಷಧಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಇಲ್ಲಿಯ ತೋಟಗಳ ಅಡಿಕೆಯೇ ಒಂದು ಹುಳುಮದ್ದು. ಅದರಿಂದ ಜರ್ಮನಿಯ ಜಾನ್ಸ್ ಎಂಬವನು ೧೮೮೮ರ ಸುಮಾರಿಗೆ ಬೇರ್ಪಡಿಸಿದ ಅರೆಕೋಲಿನ್ ಎಂಬ ಸಾರವು ಯುರೋಪಿನ ಪಶುವೈದ್ಯರ ಚೀಲದಲ್ಲಿ ಬಹುಕಾಲ ಇದ್ದಿತು. ಕುದುರೆಯ ಹೊಟ್ಟೆಶೂಲೆಗೂ ನಾಯಿಯ ಲಾಡಿಹುಳುವಿಗೂ ಅದನ್ನು ಕೊಡುತ್ತಿದ್ದರು. ಅಡಿಕೆ ಹೋದ ದಾರಿಯಲ್ಲಿ ಮದ್ದು ಹಿಂದಿರುಗಿ ಬರಲಿಲ್ಲ. ೧೯೩೮ರ ಸುಮಾರಿಗೆ ಫೀನೊಥಯಾಜಿನ್, ೧೯೬೧ರಲ್ಲಿ ಥಯಾಬೆಂಡಜೋಲ್, ೧೯೮೧ರಲ್ಲಿ ಐವರ್ಮೆಕ್ಟಿನ್ ಬಂದುವು. ಕೊನೆಯದನ್ನು ಕಂಡುಹಿಡಿದ ಓಮುರಾ ಮತ್ತು ಕ್ಯಾಂಪ್‌ಬೆಲ್ ಇವರಿಗೆ ೨೦೧೫ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ದುಂಡು ಹುಳುಗಳ ಮೇಲೆ ಇದರ ಪ್ರಭಾವವು ಅದ್ಭುತವಾದುದು. ಚಪ್ಪಟೆ ಹುಳುವಿನ ಮೇಲೆ ಏನೂ ಇಲ್ಲ. ಕಾರವಾರ ಅಂಕೋಲೆಗಳ ದನದ ಯಕೃತ್ತಿನ ರೋಗಕ್ಕೆ ಇದನ್ನು ಕೊಡುವುದು ಹಾವು ಕಡಿದವನಿಗೆ ಚೇಳಿನ ಮದ್ದು ಕೊಟ್ಟಂತೆ. ಅದಕ್ಕೆ ಆಕ್ಸಿಕ್ಲೊಜನೈಡ್, ಟ್ರೈಕ್ಲಬೆಂಡಜೋಲ್ ಮುಂತಾದ ಬೇರೆ ಔಷಧಗಳೇ ಬೇಕು. ಹುಳು ಯಾವುದೆಂದು ಸಗಣಿಯ ಪರೀಕ್ಷೆಯಿಂದ ತಿಳಿಯದೆ ಮದ್ದು ಕುಡಿಸುವ ರೂಢಿಯಲ್ಲಿ ಹಣವೂ ಹೋಗುತ್ತದೆ, ದನವೂ ಹೋಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಥಯಾಬೆಂಡಜೋಲ್ ಬಂದ ಮೂರು ವರ್ಷಗಳೊಳಗೆ, ೧೯೬೪ರಲ್ಲಿ, ಅದಕ್ಕೆ ಸಾಯದ ಕುರಿಯ ಹುಳುಗಳು ಅಮೆರಿಕದಲ್ಲಿ ಕಂಡುಬಂದುವು. ಕುದುರೆಯ ಸಣ್ಣ ದುಂಡು ಹುಳುಗಳೂ ಅದೇ ದಶಕದಲ್ಲಿ ಹಾಗೆಯೇ ತಿರುಗಿಬಿದ್ದುವು. ಟ್ರೈಕ್ಲಬೆಂಡಜೋಲಿಗೆ ಬಗ್ಗದ ಫ್ಲೂಕು ೧೯೯೫ರಲ್ಲಿ ಆಸ್ಟ್ರೇಲಿಯದಿಂದ ವರದಿಯಾಯಿತು. ಎಲ್ಲ ಪಶುಗಳಿಗೂ ತಿಂಗಳಿಗೊಮ್ಮೆ ಮದ್ದು ಕುಡಿಸಿದರೆ ಮದ್ದನ್ನು ತಡೆದುಕೊಂಡ ಹುಳುಗಳು ಮಾತ್ರ ಉಳಿದು ವಂಶ ಬೆಳೆಸುತ್ತವೆ. ಆದುದರಿಂದ ಇಂದಿನ ಪಶುವೈದ್ಯರು ಮೊಟ್ಟೆಗಳನ್ನೆಣಿಸಿ, ಬೇಕಾದ ಪಶುವಿಗೆ ಮಾತ್ರ, ತೂಕಕ್ಕೆ ತಕ್ಕ ಪೂರ್ಣ ಮಾತ್ರೆಯನ್ನು ಕೊಡಬೇಕೆನ್ನುತ್ತಾರೆ. ಅಪಕರ್ಷಣವೊಂದನ್ನೇ ನೆಚ್ಚಿದ ಚಿಕಿತ್ಸೆಯು ಹೀಗೆ ತನ್ನ ಆಯುಧವನ್ನು ತಾನೇ ಮೊಂಡಾಗಿಸಿಕೊಂಡಿತು.

ಈ ಕರಾವಳಿಯಲ್ಲಿ ನಿದಾನವರ್ಜನವೆಂದರೆ ಏನೆಂಬುದನ್ನು ಹೇಳುವುದು ಈಗ ಕಷ್ಟವಲ್ಲ. ಫ್ಲೂಕಿನ ಗುಳ್ಳೆಗಳು ನೆಲ್ಲಿನ ದಂಟಿನ ಕೆಳಭಾಗದಲ್ಲಿ, ನೀರು ನಿಂತಿದ್ದ ಮಟ್ಟದಲ್ಲಿ ಸೇರಿರುತ್ತವೆ. ಮೇಲ್ಭಾಗದ ಹುಲ್ಲನ್ನು ಕೊಯ್ದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಬಣವೆ ಹಾಕಿದರೆ ಅದು ನಿರಪಾಯವಾದ ಮೇವು. ಹಸಿಯಾದ ಕೂಳೆಗೆ, ಸುಗ್ಗಿ ಮುಗಿದ ಕೂಡಲೆ, ನೀರು ಇನ್ನೂ ಜಿನುಗುತ್ತಿರುವಾಗ ದನ ಬಿಡುವುದು ಅಪಾಯಕರ. ಸೊಪ್ಪು ದರಕುಗಳನ್ನು ಹಾಸಿ ಸಗಣಿಯೊಡನೆ ಗುಂಡಿಗೆ ಹಾಕಿ ಕಾವೇರುವಂತೆ ಕೊಳೆಸುವ ಕೊಟ್ಟಿಗೆಗೊಬ್ಬರದ ಪದ್ಧತಿಯಲ್ಲಿ ಹುಳುಗಳ ಮೊಟ್ಟೆ ಸಾಯುತ್ತದೆ. ಹಸಿ ಸಗಣಿಯನ್ನು ನೇರವಾಗಿ ಗದ್ದೆಗೆ ಚೆಲ್ಲಿದರೆ ಬಸವನಹುಳುವಿಗೆ ಬಿತ್ತಿದಂತಾಗುತ್ತದೆ. ದನಕ್ಕೆ ಕೆರೆಯಿಂದ ನೀರನ್ನು ಸೇದಿ ತಂದು ಕುಡಿಸಿದರೆ ಗೊರಕೆ ರೋಗದ ಭಯ ಕಡಮೆ. ಎಮ್ಮೆಯ ಕರುವಿನ ವಿಷಯ ಬೇರೆ: ಅದರ ದೊಡ್ಡ ಜಂತುವು ತಾಯಿಯ ಹಾಲಿನ ಮೂಲಕವೇ ಬರುವುದರಿಂದ ಅಲ್ಲಿ ವರ್ಜಿಸತಕ್ಕದ್ದು ಯಾವುದೂ ಇಲ್ಲ, ಹುಟ್ಟಿದ ೧೦ರಿಂದ ೧೬ ದಿನಗಳೊಳಗೆ ಒಮ್ಮೆ ಮದ್ದು ಕೊಡುವುದೇ ಉಪಾಯ.

ಇನ್ನು ಗಜನಿ. ನದೀಮುಖಗಳ ಈ ತಗ್ಗು ಗದ್ದೆಗಳಲ್ಲಿ ಮಳೆಗಾಲದಲ್ಲಿ ಸಿಹಿನೀರು ನಿಂತು ನೆಲ್ಲು ಬೆಳೆಯುತ್ತದೆ; ಬೇಸಗೆಯಲ್ಲಿ ಭರತದ ಉಪ್ಪುನೀರು ಒಳನುಗ್ಗುತ್ತದೆ. ರೋಗವನ್ನು ಹರಡುವ ಸಿಹಿನೀರಿನ ಬಸವನಹುಳುಗಳು ಈ ಉಪ್ಪನ್ನು ತಾಳಲಾರವು. ಹೊರಗಿನಿಂದ ನೋಡಿದವರಿಗೆ ಬಂಜರಿನಂತೆ ಕಾಣುವ ಈ ಉಪ್ಪುನೆಲವು ದನದ ಮಟ್ಟಿಗೆ ಪ್ರತಿವರ್ಷವೂ ತಾನಾಗಿಯೇ ಶುದ್ಧವಾಗುತ್ತಿತ್ತು. ಉಪ್ಪುನೀರನ್ನು ತಡೆದು ನೆಲವನ್ನು ಹದಗೊಳಿಸುವುದಕ್ಕಾಗಿ ಮುಂಬಯಿ ಸರಕಾರವು ೧೯೪೮ರಲ್ಲಿ ಖಾರ್ ಭೂಮಿಗಳ ಕಾಯಿದೆಯನ್ನು ಮಾಡಿತು. ಉತ್ತರ ಕನ್ನಡವು ಆಗ ಮುಂಬಯಿಗೇ ಸೇರಿತ್ತು. ಅಂಥ ಕಟ್ಟೆಯ ಒಳಗೆ ನೆಲ್ಲು ಹೆಚ್ಚು ಬರುವುದೇನೋ ನಿಜ. ಉಪ್ಪು ಹೋದ ಕಡೆಗೆ ಬಸವನಹುಳುವೂ ಬರುವುದು. ಹಾಗೆ ಬಂದ ವರ್ಷದ ಕಾರ್ತಿಕದಲ್ಲಿ ಕೂಳೆ ಮೇಯ್ದ ದನವು ಮೂರು ನಾಲ್ಕು ತಿಂಗಳ ಅನಂತರ, ಫಾಲ್ಗುನದ ಹೊತ್ತಿಗೆ, ದವಡೆಯ ಕೆಳಗೆ ನೀರು ತುಂಬಿ ಬಾತುಕೊಂಡು ನಿಲ್ಲುವುದು. ಆಗ ಒಣಮೇವಿನ ಕಾಲ. ಮನೆಯವರು ದೋಷವನ್ನು ಮೇವಿನ ಕೊರತೆಯ ಮೇಲೆ ಹಾಕುವರು.